ಲೋಕಣ್ಣನ ಕಂಪ್ಯೂಟರು ತಂಸೀರನ ಮೂಲ ಕೇಳಿದ್ದು

ಮುಳ್ಳೇರಿಯದ ಲೋಕನಾಥನಿಗೆ ಕೋಪ ಬರುವುದು ಹೊಸ ಸಂಗತಿಯೇನಲ್ಲ. ಬಸ್ಸು ತಡವಾದರೆ ಬರುತ್ತದೆ, ಬೇಗ ಬಂದರೂ ಬರುತ್ತದೆ. ಆದರೆ ಒಂದು ಕಂಪ್ಯೂಟರಿನ ಮೇಲೆ ಮಾನನಷ್ಟದ ದಾವೆ ಹೂಡಲು ಸಾಧ್ಯವುಂಟೇ ಎಂದು ಅವನು ವಕೀಲರನ್ನು ಕೇಳಿದ್ದು ಈ ಒಂದು ಪ್ರಸಂಗದಲ್ಲಿ ಮಾತ್ರ. ವಕೀಲರು ಸಜ್ಜನರು. ನಗದೆ, "ಕಂಪ್ಯೂಟರಿನ ಸ್ಥಿರ ವಿಳಾಸ ಬೇಕಾಗ್ತದೆ" ಎಂದಷ್ಟೇ ಹೇಳಿ ಕಳುಹಿಸಿದರು.

ಲೋಕನಾಥನದು ಶಾಮಿಯಾನದ ಕಸುಬು. ಮದುವೆಯಿರಲಿ, ನಿಕಾಹ್ ಇರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಯಾರ ಮನೆಯ ಉತ್ತರಕ್ರಿಯೆಯ ಬೊಜ್ಜವೇ ಇರಲಿ, ಚಪ್ಪರ, ಕುರ್ಚಿ, ಬಿರಿಯಾನಿ ಬೇಯಿಸುವ ದೊಡ್ಡ ಚೆಂಬು, ಪಾಯಸದ ಕಡಾಯಿ ಎಲ್ಲ ಅವನ ಅಂಗಡಿಯಿಂದಲೇ ಹೋಗಬೇಕು. ಯಾವ ದಿನಕ್ಕೆ ಯಾರಿಗೆ ಏನು ಎಂಬುದನ್ನು ಅವನು ಬಹುಕಾಲ ತಲೆಯಲ್ಲೇ ಇಟ್ಟುಕೊಂಡಿದ್ದ. ಕೊನೆಗೊಂದು ದಿನ ಆ ತಲೆ ಅವೇ ಕುರ್ಚಿಗಳನ್ನು ಒಂದೇ ದಿನ ಒಂದು ನಾಮಕರಣಕ್ಕೂ ಒಂದು ಬೊಜ್ಜಕ್ಕೂ ಒಪ್ಪಿಸಿ, ಎರಡು ಮನೆಯವರೂ ಪೇಟೆಯ ನಡುವೆ ಅವನ ಎಡ ಬಲಗಳಲ್ಲಿ ನಿಂತು ಬೈಯುವ ಹಾಗಾಯಿತು.

ಆ ಬೈಗಳನ್ನು ಎದುರಿನ ಸರ್ಬತ್ತಿನ ಅಂಗಡಿಯಿಂದ ತಂಸೀರ್ ನೋಡಿದ. ಅಂಗಡಿ ಅವನ ತಂದೆ ಪೊಕ್ಕರ್ ಅವರದ್ದು, ಪೇಟೆಯವರ ಬಾಯಲ್ಲಿ ಪೊಕ್ಕರ್ಚ. ತಂಸೀರ್ ಶಾರ್ಜಾದಲ್ಲಿ ಒಂದು ಗೋದಾಮಿನ ಸ್ಟೋರ್‌ಕೀಪರ್. ರಜೆಯಲ್ಲಿ ಊರಿಗೆ ಬಂದಿದ್ದ. ರಜೆಯಲ್ಲಿ ಬಂದ ಹುಡುಗರು ಕಾರು ಬಾಡಿಗೆಗೆ ಹಿಡಿದು ತಿರುಗುತ್ತಾರೆ. ಇವನು ಸಂಜೆಯ ನಮಾಜು ಮುಗಿಸಿ ಲೋಕನಾಥನ ಅಂಗಡಿಗೆ ಬಂದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತ. ಕೆಲವು ಸಂಜೆಗಳಲ್ಲಿ ಅದರೊಳಗೆ ಒಂದು ಡೇಟಾಬೇಸ್ ಎದ್ದು ನಿಂತಿತು. ಹಸಿರು ಗುಂಡಿ, ನೀಲಿ ಗುಂಡಿ. ದಿನ ಬರೆದು ಹಸಿರು ಗುಂಡಿ ಒತ್ತಿದರೆ ಆ ದಿನ ಕುರ್ಚಿ ಉಂಟೋ ಇಲ್ಲವೋ ಎಂದು ಅದೇ ಹೇಳುತ್ತಿತ್ತು.

"ಇದರೊಳಗೆ ಮ್ಯಾಕ್ರೋ ಅಂತ ಉಂಟು ಲೋಕಣ್ಣ," ಎಂದು ತಂಸೀರ್ ವಿವರಿಸಿದ್ದ. "ಒಳಗೆ ಒಬ್ಬ ಆಳು ಕೂತಿದ್ದಾನೆ ಅಂತ ತಿಳ್ಕೊಳ್ಳಿ. ಗುಂಡಿ ಒತ್ತಿದ ಕೂಡ್ಲೆ ನಾನು ಹೇಳಿಕೊಟ್ಟ ಕೆಲಸವನ್ನೆಲ್ಲ ಒಂದರ ಹಿಂದೆ ಒಂದು ಮಾಡ್ತಾನೆ."

"ಊಟ?"

"ಅವನಿಗೆ ಊಟ ಇಲ್ಲ."

ತಂಸೀರನೂ ತನಗೆ ಏನೂ ಬೇಡವೆಂದ. ಲೋಕನಾಥನ ಹೆಂಡತಿ ಸುಂದರಿ ಬಿಡದೆ ಹಲಸಿನ ಹಣ್ಣಿನ ಗಟ್ಟಿ ಬಡಿಸಿದಳು. ಅದನ್ನು ತಿಂದು, ಬಾಳೆಲೆಯನ್ನು ತಾನೇ ಎತ್ತಿ ಎಸೆದು, ಮರುವಾರ ವಿಮಾನ ಹತ್ತಿದ.

ಅವನು ಹೋದ ಮೇಲೆ ಲೋಕನಾಥ ಮಾಡಿದ ಮೊದಲ ಕೆಲಸ ಬೋರ್ಡು ಬದಲಾಯಿಸಿದ್ದು. "ಲೋಕನಾಥ ಶಾಮಿಯಾನ" ಎಂದಿದ್ದದ್ದರ ಕೆಳಗೆ ಕೆಂಪು ಬಣ್ಣದಲ್ಲಿ "ಸಂಪೂರ್ಣ ಗಣಕೀಕೃತ" ಎಂದು ಬರೆಸಿದ.

"ಇನ್ನು ಕಂಬವನ್ನೂ ಕಂಪ್ಯೂಟರೇ ಊರುವುದಾ ಲೋಕಣ್ಣ?" ಎಂದು ರಿಕ್ಷಾದ ಧನರಾಜ್ ಕೇಳಿದ. ಲೋಕನಾಥ ಉತ್ತರ ಕೊಡಲಿಲ್ಲ. ಗಣಕೀಕೃತರಾದವರು ಎಲ್ಲರೊಡನೆ ಮಾತನಾಡುತ್ತಾ ಕೂರುವುದಿಲ್ಲ.

ಎರಡನೆಯ ಕೆಲಸ ಮಾಡದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಂಸೀರ್ ಆ ಫೈಲನ್ನು ಕಂಪ್ಯೂಟರಿನ ಒಳಗೆಲ್ಲೋ ಒಂದು ಫೋಲ್ಡರಿನಲ್ಲಿ ಇಟ್ಟಿದ್ದ. ಇಷ್ಟು ದೊಡ್ಡ ವ್ಯವಹಾರ ಹಿತ್ತಲಿನ ಕೋಣೆಯಲ್ಲಿ ಕುಳಿತಂತೆ ಕುಳಿತಿರುವುದು ಲೋಕನಾಥನಿಗೆ ಸರಿಕಾಣಲಿಲ್ಲ. ಒಂದು ಒಳ್ಳೆಯ ಶುಕ್ರವಾರ ನೋಡಿ, ಅದನ್ನು ಅಲ್ಲಿಂದೆತ್ತಿ ಪರದೆಯ ಎದುರುಗಡೆ, ದೇವರ ಚಿತ್ರದ ಬಲಕ್ಕೆ, ಹೊಸ ಫೋಲ್ಡರು ಮಾಡಿ ಅದರಲ್ಲಿ ಪ್ರತಿಷ್ಠಾಪಿಸಿದ.

ಮರುದಿನ ಬೆಳಗ್ಗೆ ಫೈಲು ತೆರೆದರೆ ಮೇಲ್ಗಡೆ ಒಂದು ಹಳದಿ ಪಟ್ಟಿ. ಹಸಿರು ಗುಂಡಿ ಒತ್ತಿದ; ಉತ್ತರವಿಲ್ಲ. ನೀಲಿ ಒತ್ತಿದ, ಇಲ್ಲ. ಹಳದಿ ಪಟ್ಟಿಯನ್ನೇ ಒತ್ತಿದ. ಇಂಗ್ಲಿಷಿನಲ್ಲಿ ಉದ್ದನೆಯ ಬರಹವೊಂದು ತೆರೆದುಕೊಂಡಿತು. ಲೋಕನಾಥ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಫೋನಿನ ಕ್ಯಾಮರಾ ಹಿಡಿದರೆ ಇಂಗ್ಲಿಷನ್ನು ಕನ್ನಡ ಮಾಡಿ ಕೊಡುವ ಉಪಾಯ ಅವನಿಗೆ ಗೊತ್ತಿತ್ತು. ಹಿಡಿದ. ಫೋನು ಒಂದು ಕ್ಷಣ ನಡುಗಿ ಹೀಗೆ ಬರೆಯಿತು:

"ಭದ್ರತಾ ಎಚ್ಚರಿಕೆ. ಇದು ನಂಬಿಕೆಗೆ ಅರ್ಹವಾದ ಮೂಲದಿಂದ ಬಂದಿದೆಯೆಂದು ಹೇಳಲು ಆಗುವುದಿಲ್ಲ. ಮೂಲದ ಮೇಲೆ ವಿಶ್ವಾಸವಿಲ್ಲದಿದ್ದರೆ ಸಕ್ರಿಯಗೊಳಿಸಬೇಡಿ."

ಲೋಕನಾಥ ಅದನ್ನು ಮೊದಲು ಮನಸ್ಸಿನಲ್ಲಿ ಓದಿದ. ಮತ್ತೆ ಗಟ್ಟಿಯಾಗಿ ಓದಿದ. ಮತ್ತೆ ಎದ್ದು ನಿಂತ.

ಇದರಲ್ಲಿ ಎದ್ದು ನಿಲ್ಲುವಂಥದ್ದು ಏನಿದೆ ಎಂದು ದೂರದವರು ಕೇಳಬಹುದು. ನಮ್ಮ ಕಡೆ ಮನುಷ್ಯನಿಗೆ ಮನೆ ಬೇರೆ, ಮೂಲ ಬೇರೆ. ಮನೆ ಬದಲಾಗುತ್ತದೆ, ಮೂಲವೆಂದರೆ ಕುಟುಂಬದ ಬುಡ, ಅಜ್ಜಂದಿರು ಹುಟ್ಟಿಬಂದ ಜಾಗ. ಅದನ್ನು ಎತ್ತಿ ಆಡಿದರೆ ಜಗಳ ಮೂರು ತಲೆಮಾರಿಗೂ ನಿಲ್ಲುವುದಿಲ್ಲ. ಅದಕ್ಕಿಂತಲೂ ಹೆಚ್ಚಿನದು ಆ "ಹೇಳಲು ಆಗುವುದಿಲ್ಲ". ಇಲ್ಲಿ ಮದುವೆಗೆಂದು ಹುಡುಗನ ಬಗ್ಗೆ ವಿಚಾರಿಸಲು ಬಂದವರ ಎದುರು ಯಾರೂ ಅವನನ್ನು ಕುಡುಕ, ಪೋಲಿ ಎಂದು ಹೇಳುವುದಿಲ್ಲ, ಅದು ಸಭ್ಯತೆಯಲ್ಲ. "ನಾವು ಹೇಳ್ಲಿಕ್ಕೆ ಆಗುವುದಿಲ್ಲಪ್ಪ, ನೀವೇ ವಿಚಾರಿಸಿ" ಎಂದು ಹೇಳಿ ಮರದ ತುದಿ ನೋಡುತ್ತಾರೆ. ಬಂದವರು ಚಹಾವನ್ನೂ ಕುಡಿಯದೆ ಹೋಗುತ್ತಾರೆ.

ಮತ್ತು ಅದು ತಂಸೀರನಿಗೆ ಹೆಣ್ಣು ನೋಡುತ್ತಿದ್ದ ಸಮಯ. ನಾಯ್ಮಾರ್ಮೂಲೆಯಿಂದ ಶಮೀಮಾ ಎಂಬ ಹುಡುಗಿಯ ಸಂಬಂಧ ಬಂದಿತ್ತು. ಫೋಟೋ ಕಳುಹಿಸಿದ ದಿನ, ಯಾವತ್ತೂ "ಆಯ್ತು", "ಸರಿ" ಎಂದು ಫೋನು ಇಡುವ ತಂಸೀರ್, ತಾಯಿ ಶರೀಫಾಳೊಡನೆ ಶಾರ್ಜಾದ ಸೆಕೆಯ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದ. ಶರೀಫಾಳಿಗೆ ಅರ್ಥವಾಗಿ, ಅವಳು ಸುಂದರಿಗೆ ಹೇಳಿ, ಸುಂದರಿ ಗಂಡನಿಗೆ ಹೇಳಿದ್ದಳು. ಇನ್ನು ಹುಡುಗಿಯ ಕಡೆಯವರು ಒಪ್ಪಬೇಕು, ಅಷ್ಟೆ. ಅಂಥ ಹೊತ್ತಿನಲ್ಲಿ ಈ ಯಂತ್ರ ಹೀಗೆ ಬಾಯಿ ಬಿಟ್ಟಿದೆ.

"ಒತ್ತಿ ಬಿಡಿ ಮಾರಾಯ್ರೆ," ಎಂದಳು ಸುಂದರಿ. "ಅಲ್ಲೇ ಗುಂಡಿ ಉಂಟಲ್ಲ."

"ಒತ್ತಿದರೆ ಎಂತ ಅರ್ಥ ಆಗ್ತದೆ? ಅವನ ಮೂಲ ಸರಿ ಇಲ್ಲ, ಆದರೂ ಅಡ್ಡಿಯಿಲ್ಲ, ಕೆಲಸ ಆದರೆ ಸಾಕು ಅಂತ ನಾನು ಒಪ್ಪಿದ ಹಾಗೆ ಆಗ್ತದೆ. ಅಂಥದ್ದರ ಕೆಳಗೆ ಹೆಬ್ಬೆಟ್ಟು ಒತ್ತುವವ ನಾನಲ್ಲ."

"ಹಾಗಾದರೆ ತಂಸೀರನಿಗೇ ಫೋನ್ ಮಾಡಿ ಕೇಳಿ."

"ಎಂತ ಅಂತ ಕೇಳುವುದು? ಮಗಾ, ನೀನು ಇಷ್ಟು ದಿನ ಕೂತು ಮಾಡಿಕೊಟ್ಟ ಯಂತ್ರವೇ ನಿನ್ನ ಕುಟುಂಬ ಸರಿ ಇಲ್ಲ ಅಂತ ಹೇಳ್ತಾ ಉಂಟು ಅಂತಲಾ? ಮರುಭೂಮಿಯಲ್ಲಿ ಒಬ್ಬನೇ ಇರುವ ಹುಡುಗ. ಎಷ್ಟು ಬೇಜಾರು ಮಾಡ್ಕೊಳ್ತಾನೆ ಅವನು?"

ಹೀಗೆ, ಒಂದು ಫೋನಿನಲ್ಲಿ ಮುಗಿಯಬಹುದಾಗಿದ್ದ ವಿಷಯ ಲೋಕನಾಥನ ಒಳ್ಳೆಯತನದಿಂದಾಗಿ ಮುಗಿಯದೆ ಉಳಿಯಿತು.

ಗುಟ್ಟಾಗಿ ಪರಿಹರಿಸಬೇಕೆಂದು ನಿಶ್ಚಯಿಸಿದ ಅವನು ರಿಕ್ಷಾ ನಿಲ್ಲುವಲ್ಲಿಗೆ ಹೋಗಿ ಧನರಾಜನ ಕಿವಿಯಲ್ಲಿ ಹೇಳಿದ. ಚಪ್ಪರದ ತುದಿಯಲ್ಲಿ ಹಗ್ಗ ಕಟ್ಟುವವರಿಗೆ ಕೆಳಗಿನಿಂದ ಕೂಗಿ ಹೇಳಿ ಅಭ್ಯಾಸವಾದ ಗಂಟಲು ಅದು. ಲೋಕನಾಥನ ಪಿಸುಮಾತು ರೇಷನ್ ಅಂಗಡಿಯ ಕ್ಯೂವಿನ ಕೊನೆಯವರೆಗೆ ಕೇಳಿಸುತ್ತದೆ.

"ತಂಸೀರನ ಮೂಲ ನಂಬುವ ಹಾಗೆ ಇಲ್ಲ ಅಂತ ಹೇಳ್ತದೆ ಮಾರಾಯ. ನೀನು ಯಾರಲ್ಲೂ ಹೇಳ್ಬೇಡ."

"ನಾನು ಯಾಕೆ ಹೇಳ್ಲಿ," ಎಂದ ಧನರಾಜ್. ಅವನು ಪಾಪ ಹೇಳಲಿಲ್ಲ. ಹೇಳಬೇಕಾದವರೆಲ್ಲ ಆಗಲೇ ಕೇಳಿಸಿಕೊಂಡಾಗಿತ್ತು. ರಿಕ್ಷಾದ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಹೆಂಗಸು ಮಾತ್ರ, "ಯಾವ ತಂಸೀರ್? ನನ್ನ ಅಮ್ಮನಿಗೆ ಆಸ್ಪತ್ರೆಯಲ್ಲಿ ವೀಲ್‌ಚೇರ್ ಹುಡುಕಿ ತಂದುಕೊಟ್ಟ ಹುಡುಗನಾ? ಛೆ, ಅದು ಸುಳ್ಳಿರಬೇಕು" ಎಂದಳು. ಒಳ್ಳೆಯ ಮಾತನ್ನು ಯಾರೂ ಮುಂದೆ ಸಾಗಿಸುವುದಿಲ್ಲ. ಅದು ರಿಕ್ಷಾದಲ್ಲೇ ಉಳಿಯಿತು.

ಅಲ್ಲಿಂದ ಲೋಕನಾಥ ನೇರ ವಾರ್ಡ್ ಮೆಂಬರ್ ಪ್ರೇಮಾವತಿಯ ಮನೆಗೆ ಹೋದ. ಪ್ರೇಮಾವತಿ ಜಗಲಿಯಲ್ಲಿ ಪಿಂಚಣಿಯವರ ಕಾಗದಪತ್ರ ಹರಡಿಕೊಂಡು ಕುಳಿತಿದ್ದರು.

"ಪ್ರೇಮಕ್ಕ, ಒಂದು ಸ್ವಭಾವ ಸರ್ಟಿಫಿಕೇಟ್ ಬೇಕಿತ್ತು."

"ಯಾರಿಗೆ?"

"ಪೊಕ್ಕರ್ಚನ ಮಗ ತಂಸೀರನಿಗೆ."

"ಅರ್ಜಿದಾರ ಎಲ್ಲಿ?"

"ಶಾರ್ಜಾದಲ್ಲಿ."

"ಯಾವ ಕಚೇರಿಗೆ ಹಾಜರುಪಡಿಸ್ಲಿಕ್ಕೆ?"

"ಕಂಪ್ಯೂಟರಿಗೆ."

"ಯಾವ ಇಲಾಖೆಯ ಕಂಪ್ಯೂಟರ್?"

"ನನ್ನ ಅಂಗಡಿಯದ್ದು."

ಪ್ರೇಮಾವತಿ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದರು. ಲೋಕನಾಥ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಏರಿತು. "ಎಲ್ಲೋ ಕೂತು ಯಾರೋ ಮಾಡಿದ ಯಂತ್ರ. ಅದಕ್ಕೆ ನಮ್ಮ ಪೊಕ್ಕರ್ಚನ ಕುಟುಂಬದ ಬಗ್ಗೆ ಎಂತ ಗೊತ್ತುಂಟು? ಅವರ ಅಜ್ಜ ಈ ಪೇಟೆಗೆ ಬಂದು ನೆಲೆ ನಿಂತಾಗ ಅದರ ಅಜ್ಜ ಹುಟ್ಟಿದ್ದನಾ?"

ಪ್ರೇಮಾವತಿಗೆ ಇಂಥ ಅರ್ಜಿ ಪಂಚಾಯತಿನ ಯಾವ ನಿಯಮಕ್ಕೆ ಬರುತ್ತದೆ ಎಂದು ಗೊತ್ತಾಗಲಿಲ್ಲ. ಆದರೆ ಅವರ ಸ್ಕೂಟರು ಒಮ್ಮೆ ಏರಿನಲ್ಲಿ ಕೆಟ್ಟು ನಿಂತಾಗ ಅದನ್ನು ಗ್ಯಾರೇಜಿನವರೆಗೆ ದೂಡಿಕೊಂಡು ಬಂದವನು ತಂಸೀರ್. ಅವರು ಲೆಟರ್‌ಹೆಡ್ ತೆಗೆದು, "ತಂಸೀರ್ ಪೊಕ್ಕರ್ ಎಂಬವರು ನನಗೆ ಬಾಲ್ಯದಿಂದ ಪರಿಚಿತರು, ಸಜ್ಜನರು, ಮತ್ತು ಅವರ ಮೂಲವು ಉತ್ತಮವಾದುದು" ಎಂದು ಬರೆದರು. ಆವಶ್ಯಕತೆ ಎಂಬಲ್ಲಿ ಸ್ವಲ್ಪ ಯೋಚಿಸಿ, "ಗಣಕಯಂತ್ರದ ಸಂಶಯ ನಿವಾರಣೆಗಾಗಿ" ಎಂದು ಸೇರಿಸಿ, ಮೊಹರು ಒತ್ತಿ, ಅದು ಹರಡದಂತೆ ಊದಿ ಕೊಟ್ಟರು.

ಲೋಕನಾಥ ಸರ್ಟಿಫಿಕೇಟನ್ನು ಮೊದಲು ಪರದೆಯ ಕಡೆಗೆ ಮುಖ ಮಾಡಿ ಅಂಟಿಸಿದ. ಓದಬೇಕಾದದ್ದು ಅದೇ ತಾನೇ. ಹಳದಿ ಪಟ್ಟಿ ಅಲುಗಲಿಲ್ಲ. ಹಾಗಾದರೆ ನಾಲ್ಕು ಜನ ಓದಿ ಇದಕ್ಕೆ ನಾಚಿಕೆಯಾಗಲಿ ಎಂದು, ತಿರುಗಿಸಿ ರಸ್ತೆಯ ಕಡೆಗೆ ಮುಖ ಮಾಡಿ ಕಂಪ್ಯೂಟರಿನ ತಲೆಯ ಮೇಲೆ ಅಂಟಿಸಿದ.

ಆ ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಬಿಳಿ ಕಾರು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಅತ್ತರಿನ ಪರಿಮಳದ, ನಿಧಾನ ಮಾತಿನ ಒಬ್ಬರು ಇಳಿದರು. ತನ್ನ ಹೆಸರು ಅಶ್ಕರ್, ನಾಯ್ಮಾರ್ಮೂಲೆಯಲ್ಲಿ ಟೈಲ್ಸಿನ ಅಂಗಡಿ ಎಂದರು. ಮದುವೆ ವಿಚಾರಣೆಗೆ ಬಂದವರು ಅದಕ್ಕೇ ಬಂದೆವೆಂದು ಹೇಳುವ ಕ್ರಮವಿಲ್ಲ. ಹಸು ಕೊಳ್ಳಲು ಬಂದೆವು, ಜಾಗ ನೋಡಲು ಬಂದೆವು ಎನ್ನುತ್ತಾರೆ. ಶಾಮಿಯಾನದವನಿಗೆ ಊರಿನ ಎಲ್ಲ ಮನೆಯ ಅಂಗಳವೂ ಗೊತ್ತು. ಹಾಗಾಗಿ ಶಮೀಮಾಳ ಸೋದರಮಾವ ಅಶ್ಕರ್ ಕುರ್ಚಿ ಕೇಳಲು ಬಂದಿದ್ದರು.

"ಕುರ್ಚಿ ಎಲ್ಲ ಸಿಗ್ತದಾ ನಿಮ್ಮಲ್ಲಿ?"

"ಯಾವ ದಿನಕ್ಕೆ ಬೇಕು?"

"ದಿನ ಆಗ್ಲಿಲ್ಲ. ಸುಮ್ಮನೆ ಕೇಳಿದ್ದು. ಇಲ್ಲಿ ಜನ ಎಲ್ಲ ಹೇಗೆ? ಒಳ್ಳೆಯವರಾ?"

"ಜನ ಒಳ್ಳೆಯವರೇ," ಎಂದ ಲೋಕನಾಥ. "ಯಂತ್ರ ಒಳ್ಳೆಯದಲ್ಲ."

ಅಶ್ಕರ್ ಅವರ ಕಣ್ಣು ಆಗಲೇ ಮೊಹರು ಒತ್ತಿದ ಕಾಗದದ ಮೇಲೆ ನಿಂತಿತ್ತು. ಅವರು ಹೆಸರನ್ನು ಎರಡು ಸಲ ಓದಿದರು.

"ಈ ಹುಡುಗನಿಗೆ ಎಂತಕ್ಕೆ ಸ್ವಭಾವ ಸರ್ಟಿಫಿಕೇಟ್? ಪೊಲೀಸ್ ಕೇಸ್ ಎಂತಾದ್ರೂ?"

"ಪೊಲೀಸರದ್ದಲ್ಲ. ಸೆಕ್ಯೂರಿಟಿಯವರದ್ದು. ಇವನ ಬಗ್ಗೆ ಸೆಕ್ಯೂರಿಟಿ ವಾರ್ನಿಂಗ್ ಬಂದದ್ದು."

"ಯಾರು ಕಳಿಸಿದ್ದು?"

"ಅಮೆರಿಕದವರಿರ್ಬೇಕು. ಅವನು ಮಾಡಿದ್ದನ್ನೆಲ್ಲ ತಡೆದು ನಿಲ್ಲಿಸಿದ್ದಾರೆ. ಅವನ ಮೂಲವೇ ನಂಬುವ ಹಾಗೆ ಇಲ್ಲ ಅಂತ ಇಂಗ್ಲಿಷಿನಲ್ಲಿ ಬರ್ದು ಹಾಕಿದ್ದಾರೆ. ನೀವೇ ನೋಡಿ."

ಅಶ್ಕರ್ ಬಗ್ಗಿ ನೋಡಿದರು. ಇಂಗ್ಲಿಷಿನಲ್ಲಿ ಅದು ಹಾಗೆಯೇ ಇತ್ತು.

"ಎಷ್ಟು ಸಮಯ ಆಯ್ತು ಇದು?"

"ಅವನನ್ನು ಆ ಜಾಗದಿಂದ ಎಬ್ಬಿಸಿ ಈ ಜಾಗಕ್ಕೆ ತಂದ ಮೇಲೆ. ಅದುವರೆಗೆ ಯಾರಿಗೂ ಗೊತ್ತಿರ್ಲಿಲ್ಲ." ಲೋಕನಾಥ ಫೈಲಿನ ಬಗ್ಗೆ ಹೇಳುತ್ತಿದ್ದ. "ಆದರೆ ನಾನು ಹೇಳ್ತೇನೆ ಕೇಳಿ, ಇದೆಲ್ಲ ಶುದ್ಧ ಸುಳ್ಳು. ಅವನು ಬಂಗಾರದಂಥ ಹುಡುಗ. ಇಡೀ ಮುಳ್ಳೇರಿಯ ಅವನ ಪರವಾಗಿ ನಿಂತಿದೆ. ನಾನು ವಕೀಲರನ್ನೂ ಕಂಡು ಬಂದೆ."

"ವಕೀಲರನ್ನೂ," ಎಂದರು ಅಶ್ಕರ್. ತರಿಸಿದ ಸರ್ಬತ್ತನ್ನು ಅರ್ಧದಲ್ಲೇ ಇಟ್ಟು ಎದ್ದರು. "ಕುರ್ಚಿಯದ್ದು ಹೇಳಿ ಕಳಿಸ್ತೇವೆ."

ಲೋಕನಾಥ ಒಳಗೆ ಹೋಗಿ ಹೆಂಡತಿಗೆ ಸಂತೋಷದಿಂದ ವರದಿ ಒಪ್ಪಿಸಿದ. "ಇವತ್ತು ಪರವೂರಿನವರ ಎದುರಿನಲ್ಲೂ ತಂಸೀರನ ಮರ್ಯಾದೆ ಉಳಿಸಿದೆ."

ಸುಂದರಿ ಬದನೆ ಹೆಚ್ಚುತ್ತಿದ್ದಳು. "ಯಾವೂರಿನವರು?"

"ನಾಯ್ಮಾರ್ಮೂಲೆಯವರು. ಅಶ್ಕರ್ ಅಂತೆ."

ಸುಂದರಿಯ ಕತ್ತಿ ಬದನೆಯ ನಡುವೆ ನಿಂತಿತು. ಲೋಕನಾಥ ಸ್ವಲ್ಪ ಹೊತ್ತು ಅವಳನ್ನೂ, ಸ್ವಲ್ಪ ಹೊತ್ತು ಬದನೆಯನ್ನೂ ನೋಡಿ, ಮೆಲ್ಲನೆ ಅಲ್ಲೇ ಕವುಚಿ ಇಟ್ಟಿದ್ದ ಬಿರಿಯಾನಿ ಚೆಂಬಿನ ಮೇಲೆ ಕುಳಿತ.

ಮರುದಿನ ನಾಯ್ಮಾರ್ಮೂಲೆಯಿಂದ ಪೊಕ್ಕರ್ ಅವರಿಗೆ ಫೋನು ಬಂತು. "ನಮಗೆ ಅವಸರ ಇಲ್ಲ" ಎಂದಷ್ಟೇ ಮಾತು. ಅದರ ಅರ್ಥ ಎಲ್ಲರಿಗೂ ಗೊತ್ತು. ಕಾರಣವನ್ನು, ಲೋಕನಾಥನ ಗಂಟಲಿನ ದಯೆಯಿಂದ, ಸರ್ಬತ್ತು ಕುಡಿಯಲು ಬಂದವರೇ ಪೊಕ್ಕರ್ ಅವರಿಗೆ ಹೇಳಿದರು. ಸ್ವಲ್ಪ ಹೊತ್ತಿಗೆ ಸುಂದರಿಗೂ ಒಂದು ಫೋನು ಬಂತು, ಶರೀಫಾಳದ್ದು. ಧ್ವನಿ ಅತ್ತು ಒದ್ದೆಯಾಗಿತ್ತು. "ಅವರು ಬಿಸಿ ತಲೆಯಲ್ಲಿ ಆ ಕಡೆ ಬರ್ತಾ ಇದ್ದಾರೆ ಸುಂದರಿ. ಲೋಕಣ್ಣನಿಗೆ ಎದುರು ಮಾತಾಡ್ಬೇಡಿ ಅಂತ ಹೇಳು. ಇಬ್ಬರಿಗೂ ಪ್ರೆಶರ್ ಉಂಟು."

ಪೊಕ್ಕರ್ ರಸ್ತೆ ದಾಟಿ ಬರುವಾಗ ಲಿಂಬೆ ಹಿಂಡುವ ಇಕ್ಕಳ ಕೈಯಲ್ಲೇ ಇತ್ತು.

"ಲೋಕಣ್ಣ, ಅಮೆರಿಕದವರು ನನ್ನ ಮಗನನ್ನು ಯಾಕೆ ಹುಡುಕುವುದು? ಅವನು ಗೋದಾಮಿನಲ್ಲಿ ಟಯರ್ ಜೋಡಿಸಿ ಇಡುವವ. ಅದರಲ್ಲಿ ಅಮೆರಿಕಕ್ಕೆ ಎಂತ?"

"ನಾನು ಅವನ ಪರವಾಗಿಯೇ ಹೇಳಿದ್ದು ಪೊಕ್ಕರ್ಚ."

"ಪರವಾಗಿ ಹೇಳ್ಲಿಕ್ಕೆ ನಿಮ್ಮತ್ರ ಕೇಳಿದವರು ಯಾರು? ಒಬ್ಬ ಹುಡುಗನ ಹಣೆಗೆ ಸರ್ಟಿಫಿಕೇಟ್ ಅಂಟಿಸಿ ರಸ್ತೆಯಲ್ಲಿ ನಿಲ್ಲಿಸಿದರೆ ನೋಡಿದವರು ಎಂತ ತಿಳ್ಕೊಳ್ಬೇಕು? ನನ್ನ ಮೂಲ ನನ್ನ ಅಜ್ಜನಿಗೆ ಗೊತ್ತುಂಟು. ಆ ಡಬ್ಬಕ್ಕೆ ಯಾಕೆ ಗೊತ್ತಾಗ್ಬೇಕು?"

"ಅದನ್ನೇ ನಾನೂ ಕೇಳಿದ್ದು."

"ಯಾರತ್ರ?"

"ಡಬ್ಬದತ್ರ."

ಪೊಕ್ಕರ್ ಇಕ್ಕಳವನ್ನು ಮೇಜಿನ ಮೇಲಿಟ್ಟರು. ಇಬ್ಬರು ಒಂದೇ ಕಾರಣಕ್ಕೆ ಕೋಪಿಸಿಕೊಂಡಿರುವಾಗ ಜಗಳ ಮುಂದುವರಿಸುವುದು ಕಷ್ಟ. ಸುಂದರಿ ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ಮಜ್ಜಿಗೆ ಕುಡಿದ ಲೋಕನಾಥ ತೀರ್ಮಾನ ಹೇಳಿದ. "ನಾವು ಬಾಯಿಯಲ್ಲಿ ಹೇಳಿದರೆ ಅವರು ನಂಬುವುದಿಲ್ಲ. ಇದನ್ನೇ ಎತ್ತಿಕೊಂಡು ಹೋಗುವ. ಹುಡುಗನ ಬಗ್ಗೆ ಹೇಳಿದ್ದನ್ನು ಅವರ ಮನೆಯ ಜಗಲಿಯಲ್ಲೇ, ನನ್ನ ಎದುರಿನಲ್ಲೇ ಇದು ಇನ್ನೊಮ್ಮೆ ಹೇಳಲಿ. ನೋಡುವ ಇದರ ಧೈರ್ಯ."

ಹಾಗೆ ಕಂಪ್ಯೂಟರು ಧನರಾಜನ ರಿಕ್ಷಾ ಹತ್ತಿತು. ಪರದೆ ಜರಿ ಅಂಚಿನ ಚಪ್ಪರದ ಬಟ್ಟೆ ಸುತ್ತಿಕೊಂಡು ಲೋಕನಾಥನ ತೊಡೆಯ ಮೇಲೆ ಕುಳಿತರೆ, ಪೆಟ್ಟಿಗೆ ಪೊಕ್ಕರ್ ಅವರ ಮಡಿಲಲ್ಲಿ. ಏರು ಇಳಿತಗಳಲ್ಲಿ ಪೊಕ್ಕರ್ ಅದನ್ನು ಎದೆಗೊತ್ತಿಕೊಳ್ಳುತ್ತಿದ್ದರು, ಶತ್ರುವಾದರೂ ಪೆಟ್ಟಾಗಬಾರದಲ್ಲ. ಚೆರ್ಕಳದಲ್ಲಿ ರಸ್ತೆ ಕೆಲಸದವರು ರಿಕ್ಷಾ ನಿಲ್ಲಿಸಿದಾಗ ಒಬ್ಬ ಇಣುಕಿ, ಜರಿ ಬಟ್ಟೆ ನೋಡಿ, "ಮದುವೆಯಾ?" ಎಂದ.

"ಅದು ಇವರ ಕೈಯಲ್ಲಿ ಇರುವವನು ಎಂತ ಹೇಳ್ತಾನೆ ಅಂತ ನೋಡ್ಬೇಕು," ಎಂದ ಧನರಾಜ್.

ಅಶ್ಕರ್ ಅವರ ಮನೆಯ ಸಿಟೌಟ್ ಎನ್ನುವ ಜಗಲಿಯಲ್ಲಿ ಇಬ್ಬರು ಮಧ್ಯವಯಸ್ಕರು ಒಂದು ಕಂಪ್ಯೂಟರಿನೊಡನೆ ಬಂದು ನಿಂತಾಗ ಮನೆಯವರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಬಂದವರನ್ನು ಕುಳಿತುಕೊಳ್ಳಿ ಎನ್ನದಿರುವ ಮನೆಯಲ್ಲ ಅದು. ಕಂಪ್ಯೂಟರಿಗೂ ಒಂದು ಟೀಪಾಯಿ ಬಂತು. ಪ್ಲಗ್ ತಲುಪದಿದ್ದಾಗ ಒಳಗಿನಿಂದ ಒಬ್ಬಳು ಹುಡುಗಿ ಉದ್ದದ ವೈರು ತಂದು, ತಾನೇ ಬಗ್ಗಿ ಜೋಡಿಸಿದಳು. ಅವಳೇ ಶಮೀಮಾ ಎಂದು ಲೋಕನಾಥ ಊಹಿಸಿದ. ಪೊಕ್ಕರ್ ಫೋಟೋದ ಗುರುತು ಹಿಡಿದು, ನೆಲ ನೋಡಿದರು.

ಹಳದಿ ಪಟ್ಟಿ ಎಂದಿನಂತೆ ಬಂತು. ಲೋಕನಾಥ ಅದರ ಕಡೆ ಬೆರಳು ತೋರಿಸಿದ. "ಇಕ್ಕೊಳ್ಳಿ. ಇಷ್ಟು ದೂರ ಬಂದರೂ ನಾಚಿಕೆ ಇಲ್ಲ ಇದಕ್ಕೆ."

ಅಶ್ಕರ್ ಗಂಭೀರವಾಗಿ ಕೇಳಿದರು. "ನಮ್ಮ ನಾಯ್ಮಾರ್ಮೂಲೆಯವರ ಬಗ್ಗೆಯೂ ಎಂತಾದ್ರೂ ಹೇಳಿದ್ಯಾ ಅದು?"

"ಮಾಮ," ಎಂದಳು ಶಮೀಮಾ. ಅವಳು ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಈ ಹಳದಿ ಪಟ್ಟಿ ಅವಳಿಗೆ ಹಳೆಯ ಪರಿಚಯ. ನಗು ಬರುತ್ತಿದ್ದರೂ ಹಿರಿಯರ ಮುಂದೆ ಅದನ್ನು ತಲೆವಸ್ತ್ರದ ತುದಿಯಲ್ಲಿ ಅಡಗಿಸಿಕೊಂಡಳು. "ಇದು ಎಲ್ಲರಿಗೂ ಹೀಗೇ ಹೇಳುವುದು. ನಮ್ಮ ಹೆಡ್‌ಮಾಸ್ಟರ್ ಮಾಡಿದ ಫೈಲಿಗೂ ಹೇಳಿತ್ತು."

"ಹೆಡ್‌ಮಾಸ್ಟರರ ಮೂಲವೂ ಸರಿ ಇಲ್ವಾ?"

"ಮೂಲ ಅಂದ್ರೆ ಇಲ್ಲಿ ಮನೆತನ ಅಲ್ಲ ಮಾಮ. ಫೈಲ್ ಎಲ್ಲಿಂದ ಬಂತು ಅಂತ. ಇದರೊಳಗೆ ತನ್ನಷ್ಟಕ್ಕೆ ಕೆಲಸ ಮಾಡುವ ಮ್ಯಾಕ್ರೋ ಉಂಟಲ್ಲ, ಕೆಟ್ಟವರು ಅಂಥದ್ದರಲ್ಲಿ ಕೆಟ್ಟ ಕೆಲಸ ಹೇಳಿ ಕಳಿಸುವುದುಂಟು. ಹಾಗೆ ಪರಿಚಯ ಇಲ್ಲದ್ದು ಬಂದರೆ ತಡೆದು ನಿಲ್ಲಿಸಿ, ಇವರು ನಿಮಗೆ ಗೊತ್ತುಂಟಾ ಅಂತ ಕೇಳ್ತದೆ. ಕೆಟ್ಟವರು ಅಂತ ಹೇಳುವುದಿಲ್ಲ. ನನಗೆ ಗೊತ್ತಿಲ್ಲ ಅಂತ ಹೇಳ್ತದೆ, ಅಷ್ಟೆ."

"ಮೊದಲು ಯಾಕೆ ಕೇಳ್ಲಿಲ್ಲ ಹಾಗಾದರೆ?" ಎಂದ ಲೋಕನಾಥ, ಸೋಲದೆ.

"ಮೊದಲು ಬೇರೆ ಜಾಗದಲ್ಲಿ ಇತ್ತಾ ಅಂಕಲ್?"

"ಒಳಗೆ ಇಟ್ಟಿದ್ದ ಅವನು. ನಾನೇ ಮರ್ಯಾದೆಗೆ ಎದುರಿಗೆ ತಂದದ್ದು."

"ಆ ಜಾಗದಲ್ಲಿ ಇಟ್ಟದ್ದನ್ನು ನಂಬು ಅಂತ ಇದನ್ನು ಮಾಡಿದವರು ಹೇಳಿಟ್ಟಿರ್ತಾರೆ. ನೀವು ಜಾಗ ಬಿಡಿಸಿದಿರಿ. ಹೊಸ ಜಾಗದಲ್ಲಿ ಅದಕ್ಕೆ ಗುರುತು ಸಿಗ್ಲಿಲ್ಲ."

ಲೋಕನಾಥ ಕಂಪ್ಯೂಟರನ್ನು ನೋಡಿದ. ಇಷ್ಟು ದಿನ ಬೈದದ್ದು ಹೆಚ್ಚಾಯಿತೋ ಎಂಬ ಸಂಶಯ ಅವನ ಮುಖದಲ್ಲಿ ಒಂದು ಕ್ಷಣ ಬಂದು ಹೋಯಿತು. ಆದರೆ ಅಶ್ಕರ್ ಅವರ ಮುಖ ಸಡಿಲಾಗಲಿಲ್ಲ.

"ಯಂತ್ರದ್ದು ಗೊತ್ತಾಯ್ತು," ಎಂದರು. "ಅದು ಕೇಳಿದ್ದು ಸರಿಯೇ. ನನಗೂ ಆ ಹುಡುಗನ ಪರಿಚಯ ಇಲ್ಲ. ತಂಗಿಯ ಮಗಳನ್ನು ಕೊಡುವವನು ನಾನು. ಅವತ್ತು ನಿಮ್ಮ ಅಂಗಡಿಗೆ ಬಂದು ನಾನೂ ಅದನ್ನೇ ಕೇಳಿದ್ದಲ್ವಾ?"

"ನೀವು ಕೇಳಿದ್ದು ಕುರ್ಚಿ," ಎಂದ ಲೋಕನಾಥ.

"ಕುರ್ಚಿ ಯಾರಿಗೆ ಬೇಕು ಮಾರಾಯ್ರೆ? ಟೈಲ್ಸ್ ಅಂಗಡಿಯವನಿಗೆ ಕುರ್ಚಿಗೆ ಮುಳ್ಳೇರಿಯಕ್ಕೆ ಬರ್ಬೇಕಾ? ಈಗ ಸರಿಯಾಗಿ ಕೇಳ್ತೇನೆ. ನಿಮಗೆ ಅವನು ಗೊತ್ತುಂಟಾ?"

"ಗೊತ್ತುಂಟು," ಎಂದ ಲೋಕನಾಥ. ಈ ಪ್ರಕರಣ ಶುರುವಾದಂದಿನಿಂದ ಅವನು ಕೂಗದೆ ಹೇಳಿದ ಮೊದಲ ಮಾತು ಅದು. "ನನ್ನನ್ನು ನಡುರಸ್ತೆಯಲ್ಲಿ ಬೈಯುವಾಗ ಎಲ್ಲರೂ ನಿಂತು ನೋಡಿದರು. ಅವನೊಬ್ಬ ಮರುದಿನ ಬಂದು, ಇನ್ನು ಹಾಗೆ ಆಗದ ಹಾಗೆ ಮಾಡುವ ಲೋಕಣ್ಣ ಅಂದ. ಬೈದದ್ದರ ಬಗ್ಗೆ ಒಂದು ಶಬ್ದ ಎತ್ತಲಿಲ್ಲ."

"ಹಾಗಾದರೆ ಒತ್ತಿ ಅಂಕಲ್," ಎಂದಳು ಶಮೀಮಾ.

ಲೋಕನಾಥ ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದ. ಹಳದಿ ಪಟ್ಟಿ ಮಾಯವಾಯಿತು. ಹಸಿರು ಗುಂಡಿಗೂ ನೀಲಿ ಗುಂಡಿಗೂ ಜೀವ ಬಂತು.

ಪೊಕ್ಕರ್ ಉಸಿರು ಬಿಟ್ಟರು. ಅಶ್ಕರ್ ಕುರ್ಚಿಯನ್ನು ಟೀಪಾಯಿಯ ಹತ್ತಿರ ಎಳೆದುಕೊಂಡರು. ವ್ಯಾಪಾರಿ, ಮಾಲು ತಟ್ಟಿ ನೋಡದೆ ತೆಗೆದುಕೊಳ್ಳುವವರಲ್ಲ. "ಇದು ಎಂತ ಹೇಳ್ತದೆ ನೋಡುವ. ಬರೀರಿ." ಒಂದು ದಿನಾಂಕ ಹೇಳಿದರು. ಅವರು ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ನಿಕಾಹ್‌ನ ದಿನ ಅದೆಂದು ಎಲ್ಲರಿಗೂ ಅರ್ಥವಾಯಿತು. ಶಮೀಮಾ ಬಾಗಿಲಿನ ಕಡೆಗೆ ಸರಿದಳು, ಆದರೆ ಒಳಗೆ ಹೋಗಲಿಲ್ಲ.

ಲೋಕನಾಥ ಉತ್ಸಾಹದಿಂದ ಬರೆದು ಹಸಿರು ಗುಂಡಿ ಒತ್ತಿದ. ಪರದೆಯ ನಡುವೆ ಕೆಂಪು ಚೌಕ ಎದ್ದು ನಿಂತಿತು.

"ಆ ದಿನ ಕುರ್ಚಿ ಇಲ್ಲ. ಬೇರೆ ದಿನ ನೋಡಿ."

ಲೋಕನಾಥನ ಕಿವಿ ಬಿಸಿಯಾಯಿತು. ಎಡನೀರಿನ ಕಾರ್ಯಕ್ರಮವೊಂದಕ್ಕೆ ಆ ದಿನ ಎಲ್ಲವನ್ನೂ ತಾನೇ ಒಪ್ಪಿ ಬರೆದಿಟ್ಟದ್ದು ಅವನಿಗೆ ಈಗ ನೆನಪಾಯಿತು. "ಇದಕ್ಕೆ ಮದುವೆ ಯಾರದ್ದು ಅಂತ ಗೊತ್ತಾಗ್ಲಿಲ್ಲ," ಎಂದು ಹೇಳಿ, ಹೆಸರಿನ ಜಾಗದಲ್ಲಿ "ತಂಸೀರ್ ಪೊಕ್ಕರ್" ಎಂದು ಒಂದೊಂದೇ ಅಕ್ಷರ ಒತ್ತಿ ಬರೆದು, ಮತ್ತೆ ಗುಂಡಿ ಒತ್ತಿದ.

"ಆ ದಿನ ಕುರ್ಚಿ ಇಲ್ಲ. ಬೇರೆ ದಿನ ನೋಡಿ."

"ನಿನ್ನನ್ನು ಮಾಡಿದವನದ್ದೇ ನಿಕಾಹ್ ಮಾರಾಯ," ಎಂದು ಲೋಕನಾಥ ಯಂತ್ರದೊಳಗಿನ ಆಳಿಗೆ ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದ. "ಸ್ವಲ್ಪ ಸರಿಮಾಡಿಕೊ. ನಾಲ್ಕು ಜನರ ಎದುರು ಹೀಗೆ ಮಾಡ್ಬಾರ್ದು." ಗಟ್ಟಿಯಾಗಿ ಒತ್ತಿದ. ಯಂತ್ರ ಅದನ್ನೇ ಹೇಳಿತು. ಪೊಕ್ಕರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಹೊರಗೆ ರಿಕ್ಷಾಕ್ಕೊರಗಿ ನಿಂತಿದ್ದ ಧನರಾಜ್ ಆಕಾಶ ನೋಡಿದ.

ಅಶ್ಕರ್ ಆ ಕೆಂಪು ಚೌಕವನ್ನು ಬಹಳ ಹೊತ್ತು ನೋಡುತ್ತಾ ಕುಳಿತರು.

"ಮೋಳೆ," ಎಂದು ಮಗಳನ್ನು ಕರೆಯುವಂತೆ ಶಮೀಮಾಳನ್ನು ಕರೆದರು. "ಇದನ್ನು ಮಾಡಿದವನಿಗೆ ತನ್ನ ಹೆಸರಿಗೆ ಮಾತ್ರ ಒಂದು ದಾರಿ ಬಿಟ್ಟುಕೊಳ್ಲಿಕ್ಕೆ ಆಗ್ತಿತ್ತಾ?"

"ಆಗ್ತಿತ್ತು ಮಾಮ. ಸುಲಭ."

"ಬಿಟ್ಕೊಳ್ಳಲಿಲ್ಲ."

"ಇಲ್ಲ," ಎಂದಳು ಶಮೀಮಾ. ಮತ್ತೆ, ಯಾರೂ ಕೇಳದಿದ್ದರೂ, "ಬಿಟ್ಕೊಳ್ಳಲಿಲ್ಲ" ಎಂದು ಇನ್ನೊಮ್ಮೆ ಹೇಳಿ ಒಳಗೆ ಹೋದಳು.

ಅಶ್ಕರ್ ಎದ್ದು ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಕನ್ನಡಕ ಏರಿಸಿಕೊಂಡು, ಪೊಕ್ಕರ್ ಅವರ ಪಕ್ಕದಲ್ಲಿ ಬಂದು ಕುಳಿತರು.

"ಹುಡುಗ ಇವನೇ ಇರಲಿ ಪೊಕ್ಕರ್ಚ," ಎಂದರು. "ನಾವು ದಿನ ಬೇರೆ ನೋಡುವ."